ತೊಟ್ಟಿಲಲ್ಲಿ ಮಲಗಿದ ಕುಕ್ಕರ್

"ಈ ಸಲ ಒಂದು ಗುಂಡುಸೂಜಿಯೂ ನಮ್ಮ ವ್ಯಾನಿಗೆ ಹತ್ತೋ ಹಾಗಿಲ್ಲ!"

ಅಮೆರಿಕದ ಸ್ಟರ್ಲಿಂಗ್ ಊರಿನ ತನ್ನ ಮನೆಯ ಮುಂದೆ ನಿಂತು ಪದ್ಮನಾಭ ಹೀಗೆ ಘೋಷಿಸಿದ. ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ಪದ್ಮನಾಭನ ಪ್ರತಿಜ್ಞೆಗೆ ಪಕ್ಕದ ಮನೆಯವರ ಸ್ಪ್ರಿಂಕ್ಲರ್ ಅವನ ಪ್ಯಾಂಟಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿತು. ಕಲಿಗಾಲದಲ್ಲಿ ಅಷ್ಟೇ ಸಿಗುವುದು.

ಪ್ರತಿಜ್ಞೆಗೆ ಕಾರಣ ಗರಾಜು. ಮನೆ ಕೊಂಡಾಗ ಅದು ವ್ಯಾನಿಗೆಂದೇ ಇತ್ತು. ಆಮೇಲೆ ಹೆಂಡತಿ ಸುಶೀಲಾ ಪ್ರತಿ ಬೇಸಿಗೆ ರಜೆಯಲ್ಲೂ ಹೋದ ಹೋದ ಊರಿನಿಂದ ಮನೆಯ ಅಲಂಕಾರಕ್ಕೆಂದು ಏನಾದರೊಂದು ತರತೊಡಗಿದಳು. ಎಲ್ಲಿಗೂ ಹತ್ತಿಸದ ಒಂದು ಏಣಿ, ದೀಪವಿಲ್ಲದ ಲಾಂದ್ರ, ಒಣಗಿದ ಹುಲ್ಲು ತುಂಬಿದ ಕುಂಡ, ಮೂಗು ಮುರಿದ ಪಿಂಗಾಣಿ ಗೂಬೆ. "ಹೋಮ್" ಎಂದು ಬರೆದ ಒಂದು ಹಲಗೆ ಬೇರೆ! ಒಳಗಿರುವವರಿಗೆ ಇದು ಮನೆಯೆಂದು ಮರೆತುಹೋದೀತೆಂಬ ಮುಂಜಾಗ್ರತೆ. ಗೋಡೆಯಲ್ಲಿ ಜಾಗ ಮುಗಿದ ಮೇಲೆ ಇವೆಲ್ಲ ಗರಾಜಿಗೆ ಇಳಿದವು, ವ್ಯಾನು ಬೀದಿಗೆ ಬಿತ್ತು. ಪದ್ಮನಾಭನ ಕೆಲಸ ಡೇಟಾ ಸೆಂಟರಿನಲ್ಲಿ. ಇಡೀ ಜಗತ್ತಿನ ಮದುವೆ ಫೋಟೋಗಳಿಗೆ ಜಾಗ ಹೊಂದಿಸಿಕೊಡುವ ಮನುಷ್ಯ, ಚಳಿಗಾಲದ ಬೆಳಿಗ್ಗೆ ತನ್ನ ವ್ಯಾನಿನ ಮೇಲಿನ ಹಿಮವನ್ನು ಹಲ್ಲು ಕಡಿಯುತ್ತ ಕೆರೆಯುತ್ತಿದ್ದ.

"ಆಯ್ತು ರೀ," ಎಂದಳು ಸುಶೀಲಾ, ಚೂರೂ ಜಗಳವಿಲ್ಲದೆ. "ಈ ಟ್ರಿಪ್‌ನಲ್ಲಿ ನಾನು ಏನಾದ್ರೂ ತಂದ್ರೆ ಗರಾಜ್ ನಾನೇ ಖಾಲಿ ಮಾಡಿ ಕೊಡ್ತೀನಿ. ತರದಿದ್ರೂ ಖಾಲಿ ಮಾಡಿ ಕೊಡ್ತೀನಿ. ಆದ್ರೆ ನೀವು ತಂದ್ರೆ?"

"ನಾನಾ!" ಪದ್ಮನಾಭ ನಕ್ಕ. "ನಾನೇನಾದ್ರೂ ತಂದ್ರೆ ಜೀವಮಾನದಲ್ಲಿ ಗರಾಜ್ ಮಾತು ಎತ್ತಲ್ಲ!"

"ತನ್ವಿ, ಕೇಳಿಸ್ಕೊಂಡ್ಯಾ?"

"ಐ ಹರ್ಡ್, ಅಮ್ಮ," ಎಂದಳು ಮಗಳು, ಫೋನಿನಿಂದ ಕಣ್ಣೆತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಷಾರ್ಲೆಟ್‌ನಲ್ಲಿ ಒಂದು ರಾತ್ರಿ ತಂಗಿ, ಅಟ್ಲಾಂಟಾಕ್ಕೆ ಹೋಗಿ, ಅಲ್ಲಿನ ಅಕ್ವೇರಿಯಂನಲ್ಲಿ ಮೀನು ನೋಡಿ, ಬೆಟ್ಟ ಹತ್ತಿ ಬರುವುದು ಎಂಬ ಯೋಜನೆ. ಉತ್ತರ ಕೆರೊಲಿನಾದ ಹೆದ್ದಾರಿಯ ಎರಡೂ ಕಡೆ ಹಳೇ ಸಾಮಾನಿನ ಅಂಗಡಿಗಳ ಬೋರ್ಡುಗಳು ಕೈಬೀಸಿ ಕರೆದವು. ಸುಶೀಲಾ ಕತ್ತು ತಿರುಗಿಸಲಿಲ್ಲ. ತನ್ನ ಪ್ರತಿಜ್ಞೆಯ ಪ್ರಭಾವ ಎಂದು ಪದ್ಮನಾಭ ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವಿಕೊಂಡ. ಆದರೆ ದಾರಿಯುದ್ದಕ್ಕೂ ಕುಡಿದ ಕಾಫಿಗೆ ಪ್ರತಿಜ್ಞೆ ಗೊತ್ತಾಗಲಿಲ್ಲ. ಅವಸರಕ್ಕೆ ಕಣ್ಣಿಗೆ ಬಿದ್ದದ್ದು ಒಂದು ಹಳೇ ಹತ್ತಿ ಗಿರಣಿ. ಈಗ ಅದರ ತುಂಬ ಹಳೇ ಸಾಮಾನಿನ ಅಂಗಡಿ.

"ನೀವು ಹೋಗಿ ಬನ್ನಿ," ಎಂದಳು ಸುಶೀಲಾ. "ನಾನು ಇಳಿಯೋದೇ ಇಲ್ಲ. ಒಳಗೆ ಬಂದ್ರೆ ನಿಮಗೆ ಬಿ.ಪಿ. ಏರುತ್ತೆ."

ಅಂಗಡಿ ಇಟ್ಟವರು ಬುದ್ಧಿವಂತರು. ರೆಸ್ಟ್‌ರೂಮನ್ನು ತೀರಾ ಹಿಂದಿನ ಮೂಲೆಯಲ್ಲಿಟ್ಟಿದ್ದರು. ಹೋಗುವಾಗ ಪದ್ಮನಾಭ ಏನನ್ನೂ ನೋಡಲಿಲ್ಲ, ನೋಡುವ ಸ್ಥಿತಿಯಲ್ಲೂ ಇರಲಿಲ್ಲ. ಬರುವಾಗ ನಿರಾಳವಾಗಿ ಬಂದ, ಅದೇ ತಪ್ಪಾಯಿತು. ಕಿಟಕಿಯ ಬಿಸಿಲಲ್ಲಿ ಒಂದು ಮರದ ತೊಟ್ಟಿಲು ನಿಂತಿತ್ತು. ಬೆರಳಲ್ಲಿ ಮುಟ್ಟಿದ. ಅದು ಸದ್ದಿಲ್ಲದೆ ಆ ಕಡೆ ಈ ಕಡೆ ತೂಗಿತು.

ಪದ್ಮನಾಭ ಇನ್ನೊಮ್ಮೆ ತೂಗಿದ. ತನ್ವಿ ಹುಟ್ಟಿದಾಗ ಅವರಿದ್ದದ್ದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ. ಅವನಿಗೆ ಹಗಲೂ ರಾತ್ರಿ ಶಿಫ್ಟು. ಮಗುವನ್ನು ಮಲಗಿಸುತ್ತಿದ್ದುದು ಒಂದು ಪ್ಲಾಸ್ಟಿಕ್ ಉಯ್ಯಾಲೆಯಲ್ಲಿ, ತೂಗುತ್ತಿದ್ದುದು ಬ್ಯಾಟರಿ. ಅಪ್ಪನ ಕೈಯ ಕೆಲಸವನ್ನು ಬ್ಯಾಟರಿ ಮಾಡಿ ಮುಗಿಸಿತು. ಮುಂದಿನ ವರ್ಷ ಹುಡುಗಿ ಕಾಲೇಜಿಗೆ ಹೊರಟುಹೋಗುತ್ತಾಳೆ. ಈ ಯೋಚನೆ ಬಂದದ್ದೇ ತಡ, ಅವನಿಗೆ ಅಳು ಬರುವುದೊಂದು ಬಾಕಿ.

"ನೂರು ವರ್ಷದ್ದು, ಹನೀ," ಎಂದಳು ಅಂಗಡಿಯ ಅಜ್ಜಿ. "ಕೈಯಲ್ಲಿ ಮಾಡಿದ್ದು."

ಹೆಂಡತಿಯೇ ವರ್ಷಗಟ್ಟಲೆ ಹನೀ ಎನ್ನದ ಮನುಷ್ಯ ಆಗಲೇ ಕಾರ್ಡು ತೆಗೆದಿದ್ದ.

ತೊಟ್ಟಿಲನ್ನು ಅಪ್ಪಿಕೊಂಡು ಬರುತ್ತಿದ್ದ ಗಂಡನನ್ನು ಸುಶೀಲಾ ವ್ಯಾನಿನೊಳಗಿನಿಂದಲೇ ಕಣ್ತುಂಬ ನೋಡಿದಳು.

"ಇದೇನ್ರೀ?"

"ತೊಟ್ಟಿಲು."

"ಅದು ಕಾಣುತ್ತೆ. ಯಾಕೆ?"

"ಇದು ಅಲಂಕಾರದ ಸಾಮಾನಲ್ಲ ಸುಶೀ, ಫರ್ನಿಚರ್!"

"ಗರಾಜ್‌ನಲ್ಲಿರೋ ಏಣೀನೂ ಫರ್ನಿಚರ್ರೇ. ಗುಂಡುಸೂಜೀನೂ ಹತ್ತೋ ಹಾಗಿಲ್ಲ ಅಂದಿದ್ರಿ?"

"ಇದ್ರಲ್ಲಿ ಗುಂಡುಸೂಜಿ ಬಿಡು, ಒಂದು ಮೊಳೇನೂ ಇಲ್ಲ! ಎಲ್ಲಾ ಮರದ ಗೂಟ!"

"ಅಪ್ಪಾ," ಎಂದಳು ತನ್ವಿ, "ಯು ಲಾಸ್ಟ್."

ಹಿಂದಿನ ಸೀಟು ಮಡಚಿ ಸೂಟ್‌ಕೇಸು ಪೇರಿಸಿದ್ದರಿಂದ ತೊಟ್ಟಿಲು ಮಧ್ಯದ ಸಾಲಿನಲ್ಲಿ ತನ್ವಿಯ ಪಕ್ಕ ಕೂತಿತು. ವ್ಯಾನು ಹೆದ್ದಾರಿಗೆ ಏರಿತೋ ಇಲ್ಲವೋ, ಸುಶೀಲಾ ಕಿರುಚಿದಳು.

"ರೀ, ನಿಲ್ಸಿ! ಖಾಲಿ ತೊಟ್ಟಿಲು ತೂಗ್ತಾ ಇದೆ!"

"ತೂಗಿದ್ರೆ ಏನೇ?"

"ಖಾಲಿ ತೊಟ್ಟಿಲು ತೂಗಬಾರದು, ಮಗು ಇರೋ ಮನೆಗೆ ಒಳ್ಳೇದಲ್ಲ! ನಾಮಕರಣದಲ್ಲೂ ಮಗುಗಿಂತ ಮುಂಚೆ ಗುಂಡುಕಲ್ಲು ಮಲಗಿಸಿ ತೂಗಲ್ವಾ? ಏನಾದ್ರೂ ಮಲಗಿಸಿ ಮೊದ್ಲು!"

"ಅಮ್ಮ, ಐ ಆಮ್ ಸೆವೆಂಟೀನ್!"

"ಎಷ್ಟಾದ್ರೂ ನಂಗೆ ಮಗೂನೇ, ಸುಮ್ನಿರು."

ಅಮೆರಿಕದ ಹೆದ್ದಾರಿಯ ಅಂಚಿನಲ್ಲಿ ಗುಂಡುಕಲ್ಲು ಎಲ್ಲಿ ಸಿಗಬೇಕು? ದುಂಡಗೆ, ಭಾರವಾಗಿ ಇದ್ದದ್ದು ಒಂದೇ ವಸ್ತು: ರೈಸ್ ಕುಕ್ಕರ್. ಮೂರು ಜನ ಸಸ್ಯಾಹಾರಿಗಳು ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಪ್ರವಾಸ ಹೊರಟರೆ ಹೋಟೆಲ್ ರೂಮಿನಲ್ಲಿ ಅನ್ನ ಮಾಡಲು ಕುಕ್ಕರ್ ಬೇಕೇ ಬೇಕಲ್ಲ. ಸುಶೀಲಾ ಅದನ್ನು ಹೂವಿನ ಚಿತ್ರದ ಟವೆಲಿನಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಮುಚ್ಚಳದ ಹೊಳಪು ಕಣ್ಣಿಗೆ ಹೊಡೆಯುತ್ತದೆಂದು ತನ್ವಿ ಅದರ ಮೇಲೆ ತನ್ನ ಬಿಸಿಲಿನ ಟೋಪಿ ಮುಚ್ಚಿದಳು. ಬ್ರೇಕು ಹಾಕಿದರೆ ಉರುಳೀತೆಂದು ಪದ್ಮನಾಭ ಸೀಟ್‌ಬೆಲ್ಟನ್ನೂ ಬಿಗಿದ. ಶಾಸ್ತ್ರ, ಸೌಕರ್ಯ, ಸುರಕ್ಷತೆ ಮೂರೂ ಸೇರಿ ಕುಕ್ಕರಿಗೆ ಮಾನವಜನ್ಮ ಬಂತು.

ಷಾರ್ಲೆಟ್‌ನಲ್ಲಿ ತ್ಯಾಗರಾಜ ಅಂಕಲ್ ಮತ್ತು ವರಲಕ್ಷ್ಮಿ ಆಂಟಿ ಕಾಯುತ್ತಿದ್ದರು. ಅಂಕಲ್ ಮೈಸೂರಿನಿಂದ ಬಂದು ಅಲ್ಲೇ ನೆಲೆನಿಂತು ನಿವೃತ್ತರಾದ ಡಾಕ್ಟರು. ಆ ಊರಿನ ಯಾವ ಕನ್ನಡದ ಕೂಸೂ ಆಂಟಿ ಮಾಡಿದ ಬಾಣಂತನದ ಖಾರದಪುಡಿ, ಲೇಹ್ಯ ಇಲ್ಲದೆ ಹುಟ್ಟಿದ್ದಿಲ್ಲ. ಸೂಟ್‌ಕೇಸು ಇಳಿಸುವಾಗ ಆಂಟಿ ವ್ಯಾನಿನೊಳಗೆ ಇಣುಕಿದರು. ಅಷ್ಟರಲ್ಲಿ ಅನ್ನಕ್ಕೆಂದು ಕುಕ್ಕರ್ ಒಳಗೆ ಹೋಗಿತ್ತು, ಹೋಗುವ ಮುಂಚೆ ಸುಶೀಲಾ ಅದರ ಜಾಗದಲ್ಲಿ ಒಂದು ದಿಂಬು ಮಲಗಿಸಿದ್ದಳು. ಆಂಟಿ ತೊಟ್ಟಿಲು ನೋಡಿದರು, ದಿಂಬು ನೋಡಿದರು, ಸುಶೀಲಾಳನ್ನು ನೋಡಿದರು. ಪ್ರಯಾಣದಲ್ಲಿ ಹೊಟ್ಟೆ ತೊಳಸಿ ಸುಶೀಲಾಳ ಮುಖ ಬಿಳಚಿಕೊಂಡಿತ್ತು. ಆಂಟಿ ಏನೂ ಕೇಳಲಿಲ್ಲ. ಮೂರು ತಿಂಗಳು ತುಂಬುವ ಮುಂಚೆ ಆ ಮಾತು ಬಾಯಿಬಿಟ್ಟು ಕೇಳುವುದೂ ಇಲ್ಲ, ಹೇಳುವುದೂ ಇಲ್ಲವಲ್ಲ.

"ಏನಮ್ಮಾ, ಬಾಯಿಗೆ ಏನು ಬೇಕು ಅನ್ಸುತ್ತೆ?"

"ಏನೂ ಸೇರ್ತಿಲ್ಲ ಆಂಟಿ. ಸ್ವಲ್ಪ ಉಪ್ಪಿನಕಾಯಿ ಇದ್ರೆ..."

ಆಂಟಿಯ ಕಣ್ಣಲ್ಲಿ ನೀರು ತುಂಬಿತು. ಉಪ್ಪಿನಕಾಯಿಯ ಭರಣಿಯನ್ನೇ ತಂದು ಮುಂದಿಟ್ಟರು. ಊಟ ಮುಗಿದು ಹಣ್ಣು ಬಂದಾಗ ಸುಶೀಲಾ ಪರಂಗಿ ಹೋಳಿಗೆ ಕೈ ಹಾಕಿದ್ದೇ ಆಂಟಿ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡು ಪದ್ಮನಾಭನ ಮುಂದೆ ತಳ್ಳಿದರು. ಅಂಕಲ್ ಅವನ ಬೆನ್ನು ತಟ್ಟಿ, "ಈ ವಯಸ್ಸಿನಲ್ಲಿ ನಿನ್ನ ಧೈರ್ಯ ಮೆಚ್ಚಬೇಕಪ್ಪಾ!" ಎಂದರು.

"ಏನಿಲ್ಲ ಅಂಕಲ್, ಮಧ್ಯೆ ಮಧ್ಯೆ ರೆಸ್ಟ್ ತಗೊಂಡ್ರೆ ಎಷ್ಟು ದೂರ ಬೇಕಾದ್ರೂ ಹೋಗಬಹುದು," ಎಂದ ಪದ್ಮನಾಭ, ತನ್ನ ಡ್ರೈವಿಂಗ್ ಬಗ್ಗೆ ಬೀಗುತ್ತ. ಅಂಕಲ್ ಕೆಮ್ಮಿ ಎದ್ದುಹೋದರು.

ಮರುದಿನ ಬೆಳಿಗ್ಗೆ ಕುಕ್ಕರ್ ಟವೆಲು, ಟೋಪಿ, ಬೆಲ್ಟು ಸಮೇತ ಮತ್ತೆ ತೊಟ್ಟಿಲಲ್ಲಿ ಮಲಗಿತು. ಮಧ್ಯಾಹ್ನ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್ ತಲುಪಿದಾಗ ಜಾರ್ಜಿಯಾದ ಬಿಸಿಲು ರಸ್ತೆಯ ಡಾಂಬರನ್ನು ಹುರಿಯುತ್ತಿತ್ತು. ಇಂಡಿಯನ್ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ, "ಕರಿಬೇವು, ಮಜ್ಜಿಗೆ ಮೆಣಸಿನಕಾಯಿ ತಗೊಂಡು ಎರಡೇ ನಿಮಿಷ," ಎಂದು ಮೂವರೂ ಒಳಗೆ ಹೋದರು. ಸುಶೀಲಾಳ ಎರಡು ನಿಮಿಷದಲ್ಲಿ ಕರಿಬೇವಿನ ಒಂದೊಂದು ಎಲೆಯ ವಿಚಾರಣೆ ಆಗಬೇಕು. ಅದು ನಡೆಯುತ್ತಿರುವಾಗಲೇ ಹೊರಗೆ ಗಾಜು ಒಡೆದ ಸದ್ದಾಯಿತು.

ಓಡಿ ಬಂದು ನೋಡಿದರೆ ವ್ಯಾನಿನ ಸುತ್ತ ಜಾತ್ರೆ! ಮುಚ್ಚಿದ ವ್ಯಾನಿನ ಸೆಕೆಯಲ್ಲಿ ಕೂಸು ಬೆಂದುಹೋಯಿತೆಂದು ಒಬ್ಬಾಕೆ ಮಂಡಿಯೂರಿ ಅಳುತ್ತಿದ್ದಾಳೆ. ಆಜಾನುಬಾಹು ಒಬ್ಬ ಜಾಕ್ ರಾಡಿನಿಂದ ಕಿಟಕಿ ಪುಡಿ ಮಾಡಿ, ಬೆಲ್ಟು ಬಿಚ್ಚಿ, ಹೂವಿನ ಟವೆಲಿನ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಹೊರಗೆ ತೆಗೆಯುತ್ತಿದ್ದಾನೆ. "ಉಸಿರಾಡು ಕಂದಾ, ಉಸಿರಾಡು!" ಎಂದು ತನ್ನ ಭಾಷೆಯಲ್ಲಿ ಬೇಡುತ್ತಿದ್ದಾನೆ. ಅಷ್ಟರಲ್ಲಿ ಟೋಪಿ ಜಾರಿತು. ಟವೆಲು ಬಿಚ್ಚಿತು. ಸ್ಟೀಲಿನ ಮುಚ್ಚಳ ಠಣ್ಣೆಂದು ನೆಲಕ್ಕೆ ಬಿದ್ದು, ಉರುಳಿಕೊಂಡು ಬಂದು ಪದ್ಮನಾಭನ ಕಾಲ ಬಳಿ ಮಲಗಿತು. ಅಷ್ಟು ಜನರ ನಡುವೆಯೂ ಅದಕ್ಕೆ ಯಜಮಾನರು ಯಾರೆಂದು ಗೊತ್ತಿತ್ತು.

ಪೊಲೀಸರೂ ಬಂದರು. "ಮಗು ಎಲ್ಲಿ?"

"ಮಗು ಇಲ್ಲ ಆಫೀಸರ್."

"ತೊಟ್ಟಿಲು?"

"ತೊಟ್ಟಿಲಿದೆ."

"ಹಾಗಾದರೆ ಇದಕ್ಕೆ ಟವೆಲ್ ಸುತ್ತಿ, ಟೋಪಿ ಹಾಕಿ, ಬೆಲ್ಟ್ ಕಟ್ಟಿದ್ದು ಯಾಕೆ?"

"ಇದು ನಮ್ಮ ಸಂಸ್ಕೃತಿ ಆಫೀಸರ್," ಎಂದ ಪದ್ಮನಾಭ. ವಿವರಿಸಲಾಗದ್ದನ್ನು ಮಾಡಿ ಸಿಕ್ಕಿಬಿದ್ದಾಗ ನಮ್ಮವರ ಕೈಹಿಡಿಯುವ ಮಾತು ಇದೊಂದೇ. ಖಾಲಿ ತೊಟ್ಟಿಲು, ನಾಮಕರಣ, ಗುಂಡುಕಲ್ಲು ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದ. ಮಗುವಿಗೆ ಮುಂಚೆ ಕಲ್ಲು ಮಲಗಿಸುತ್ತೇವೆ ಎಂಬಲ್ಲಿಗೆ ಬಂದಾಗ ಅಳುತ್ತಿದ್ದಾಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಅಪ್ಪಾ, ಪ್ಲೀಸ್, ಎಕ್ಸ್‌ಪ್ಲೇನ್ ಮಾಡಬೇಡ," ಎಂದು ತನ್ವಿ ಮುಖ ಮುಚ್ಚಿಕೊಂಡಳು. ಆಮೇಲೆ ಪೊಲೀಸರ ಕಡೆ ತಿರುಗಿ, "ಇಟ್ಸ್ ಎ ರೈಸ್ ಕುಕ್ಕರ್, ಸರ್. ನಮ್ಮ ಅಪ್ಪ ಅಮ್ಮ ಹೀಗೇನೇ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಹೊತ್ತಿನ ಭಾಷಣ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಪೊಲೀಸರು ಕನಿಕರದಿಂದ ತಲೆಯಾಡಿಸಿ ಹೊರಟರು.

ಗಾಜು ಒಡೆದ ಮನುಷ್ಯ ಕುಕ್ಕರನ್ನು ಇನ್ನೂ ಎತ್ತಿಕೊಂಡೇ ನಿಂತಿದ್ದ. ಅವನ ಮೇಲೆ ರೇಗಬೇಕೆಂದು ಪದ್ಮನಾಭ ಬಾಯಿ ತೆರೆದ, ಆಗಲಿಲ್ಲ. ಒಳಗಿದ್ದದ್ದು ನಿಜವಾಗಿ ಮಗುವಾಗಿದ್ದರೆ ಇವನೇ ದೇವರು. ಥ್ಯಾಂಕ್ಸ್ ಹೇಳಿ ಕೈ ಕುಲುಕಿದ. ಅವತ್ತು ಅವನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ಆ ಗಾಜು ತರಿಸಲು ವಾರವಾಗುತ್ತದೆ ಎಂದರು. ಮೀನು ನೀರಲ್ಲೇ ಉಳಿಯಿತು, ಬೆಟ್ಟ ಇದ್ದಲ್ಲೇ ಇತ್ತು. ಕಿಟಕಿಗೆ ಕಸದ ಚೀಲ ಅಂಟಿಸಿಕೊಂಡು, ಅದರ ಪಟಪಟ ಸದ್ದು ಕೇಳಿಸಿಕೊಳ್ಳುತ್ತ, ಎ.ಸಿ. ಹಾಕಿಯೂ ಬೆವರುತ್ತ ಸ್ಟರ್ಲಿಂಗಿಗೆ ಹಿಂತಿರುಗಿದರು. ಕುಕ್ಕರ್ ಮಲಗಿದ ತೊಟ್ಟಿಲು ದಾರಿಯುದ್ದಕ್ಕೂ ತೂಗುತ್ತಲೇ ಇತ್ತು.

ಮನೆಯ ಬಾಗಿಲು ಕಾಣಿಸಲಿಲ್ಲ, ಅದರ ಮುಂದೆ ಪೆಟ್ಟಿಗೆಗಳ ಗೋಡೆ ಎದ್ದಿತ್ತು. ಷಾರ್ಲೆಟ್‌ನಿಂದ ಒಂದಿಷ್ಟು, ಸುತ್ತಲ ರಾಲೀ, ಕೊಲಂಬಿಯಾ ಊರುಗಳ ಕನ್ನಡದವರಿಂದ ಒಂದಿಷ್ಟು. ಆಂಟಿ ಯಾರಿಗೂ ಹೇಳಿರಲಿಲ್ಲವಂತೆ, ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ಹೇಳಿದ್ದರಂತೆ! ಒಡೆದು ನೋಡಿದರೆ ಚಂದ್ರನ ಆಕಾರದ ದೀಪ, ಗೋಡೆಗೆ ಅಂಟಿಸುವ ಆನೆಗಳ ಹಿಂಡು, ಅಂಬೆಗಾಲಿಡುವ ಬಾಲಕೃಷ್ಣನ ದೊಡ್ಡ ಪಟ, ಸೂರಿಗೆ ತೂಗುಹಾಕುವ ನಕ್ಷತ್ರಗಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ಇಲ್ಲಿ ಕೂಸು ಹುಟ್ಟುವ ಪ್ರಮೇಯವೂ ಇರಲಿಲ್ಲ.

ಆಂಟಿಯ ಫೋನೂ ಬಂತು. ಸುಶೀಲಾ ಅದನ್ನು ಗಂಡನ ಕೈಗಿಟ್ಟಳು. "ತೊಟ್ಟಿಲು ತಂದೋರು ನೀವು. ನೀವೇ ಹೇಳಿ."

ಪದ್ಮನಾಭ ಬೆವರೊರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ತುಂಬ ಹೊತ್ತು ಬರೀ ನಗು. ಕೊನೆಗೆ ಆಂಟಿ, "ಹೋಗ್ಲಿ ಬಿಡಪ್ಪ. ಮಡಿಲಿಗೆ ಹಾಕಿದ್ದನ್ನ ಯಾರಾದ್ರೂ ವಾಪಸ್ ತಗೋತಾರಾ? ಮನೆ ಅಲಂಕಾರಕ್ಕೆ ಇರ್ಲಿ," ಎಂದರು.

ಮಡಿಲಿಗೆ ಬಂದದ್ದನ್ನು ಹಿಂದಕ್ಕೆ ಕಳಿಸಬಾರದು, ಬಿಸಾಡಬಾರದು, ಬೇರೆಯವರಿಗೆ ಕೊಡಬಾರದು. ಉಳಿದದ್ದು ಗರಾಜು. ಏಣಿಯ ಪಕ್ಕ ಚಂದ್ರ, ಗೂಬೆಯ ಪಕ್ಕ ಆನೆ, ಎಲ್ಲದರ ನಡುವೆ ಪಟ್ಟದ ಜಾಗದಲ್ಲಿ ತೊಟ್ಟಿಲು, ಖಾಲಿ ಇರಬಾರದೆಂದು ಅದರೊಳಗೆ ಕುಕ್ಕರ್. ಸುಶೀಲಾ ಒಂದು ಚಮಚವನ್ನೂ ಕೊಂಡಿರಲಿಲ್ಲ. ಪದ್ಮನಾಭ ಗರಾಜಿನ ಮಾತು ಎತ್ತಲೂ ಇಲ್ಲ.

ಡಿಸೆಂಬರಿನಲ್ಲಿ ಮೊದಲ ಹಿಮ ಬಿತ್ತು. ಬೆಳಿಗ್ಗೆ ಮಂಕಿ ಕ್ಯಾಪು ಹಾಕಿಕೊಂಡು ಪದ್ಮನಾಭ ವ್ಯಾನಿನ ಹೊಸ ಗಾಜನ್ನು ಕೆರೆಯುತ್ತಿದ್ದ. ಗರಾಜಿನ ಬಾಗಿಲು ಮೇಲೆದ್ದಿತು. ಅವನ ಎದೆಯಲ್ಲಿ ಸಣ್ಣ ಆಸೆಯೂ ಎದ್ದಿತು. ಒಳಗೆ ಸುಶೀಲಾ ಬೆಚ್ಚಗೆ ಶಾಲು ಹೊದ್ದು, ಬಗಲಲ್ಲಿ ಕುಕ್ಕರ್ ಹಿಡಿದು ನಿಂತಿದ್ದಳು.

"ರೀ, ಅನ್ನಕ್ಕಿಡಬೇಕು, ಕುಕ್ಕರ್ ತಗೊಂಡಿದೀನಿ. ತೊಟ್ಟಿಲು ಖಾಲಿ ಆಯ್ತು," ಎಂದು ಕೈ ಚಾಚಿದಳು. "ವ್ಯಾನಿನ ಕೀ ಕೊಡಿ. ಅದನ್ನಾದ್ರೂ ಒಳಗೆ ಮಲಗಿಸ್ತೀನಿ."