ವಿಷಯ: ಬಸ್ ನಿಲುಗಡೆ ಕೋರಿ

ನಮ್ಮ ಜಿಲ್ಲೆಯಲ್ಲಿ ಪ್ರಜಾಪ್ರಭುತ್ವವನ್ನು ನಿಜವಾಗಿ ನಂಬಿರುವವರು ಇಬ್ಬರೇ. ಒಬ್ಬರು ನಮ್ಮ ಸೋದರಮಾವ. ಇನ್ನೊಬ್ಬರು ಯಾರೆಂದು ಮಾವ ಇನ್ನೂ ಹುಡುಕುತ್ತಿದ್ದಾರೆ.

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಊರು ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ದಾರಿಯಲ್ಲಿ. ಊರಿನ ಮಣ್ಣುದಾರಿ ಬಂದು ಟಾರ್ ರೋಡು ಸೇರುವ ಜಾಗಕ್ಕೆ ನಮ್ಮಲ್ಲಿ ಗೇಟು ಅನ್ನುತ್ತಾರೆ. ಗೇಟೂ ಇಲ್ಲ, ಕಂಬವೂ ಇಲ್ಲ, ಹೆಸರು ಮಾತ್ರ ಗೇಟು. ಬೆಳಗಿನ ಹಾಸನದ ಬಸ್ಸು ಆ ಗೇಟಿನಲ್ಲಿ ನಿಲ್ಲಬೇಕು ಅನ್ನುವುದು ಮಾವನ ಜೀವಮಾನದ ಏಕೈಕ ಬೇಡಿಕೆ. ಡಿಪೋದಲ್ಲಿ ವರ್ಷಗಟ್ಟಲೆ ಕೇಳಿದರು. ನಾಯಕರ ಪತ್ರ ತನ್ನಿ ಅಂದರು. ನಾಯಕರ ಕಚೇರಿಗೆ ಹೋದರು. ಅಲ್ಲಿದ್ದವರು, ಈ ಮುದುಕಪ್ಪನನ್ನು ಸಾಗಹಾಕಿದರೆ ಸಾಕೆಂದು, ಈಗೆಲ್ಲ ಆನ್‌ಲೈನು ಯಜಮಾನ್ರೆ, ಸಾಹೇಬರ ಫೇಸ್‌ಬುಕ್ಕಿಗೇ ಹಾಕಿಬಿಡಿ ಅಂದರಂತೆ. (ಯಾವ ನಾಯಕರು ಎಂದು ಕೇಳಬೇಡಿ. ಸ್ವಂತ ಮಾವನ ಹೆಸರನ್ನೇ ಹೇಳದವನು ಅವರ ಹೆಸರು ಹೇಳುತ್ತೇನೆಯೇ?)

ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ಊರಿಗೆ ಹೋಗುತ್ತಿದ್ದರು. ಮಾವ ನಂಬಿದರು! ಅಂದೇ ಹಾಸನದಲ್ಲಿ ಒಂದು ಫೋನು ಕೊಂಡು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನನ್ನನ್ನು ಹೊರಗೆ ಕರೆಸಿ, ಸಾಹೇಬರ ಮನೆ ಇದರೊಳಗೆ ಎಲ್ಲಿದೆ ತೋರಿಸು ಅಂದರು. ಖಾತೆ ತೆರೆದುಕೊಟ್ಟವನು ನಾನೇ. ಪ್ರೊಫೈಲಿಗೆ ಫೋಟೋ ಬೇಕು ಅಂದಾಗ ಅವರು ಕೊಟ್ಟದ್ದು ತಮ್ಮ ಸೇವಾ ಗುರುತಿನ ಚೀಟಿ.

ಮಾರನೆಯ ದಿನ ನಾಯಕರು ತಮ್ಮ ಮದುವೆಯ ವಾರ್ಷಿಕೋತ್ಸವದ ಚಿತ್ರ ಹಾಕಿದ್ದರು. ಹಾರೈಕೆಗಳೂ ಹೂಗುಚ್ಛಗಳೂ ಸುರಿಯುತ್ತಿದ್ದವು. ಅವುಗಳ ನಡುವೆ ಒಂದು: "ಗೆ, ಮಾನ್ಯ ನಾಯಕರು. ಮಾನ್ಯರೇ, ವಿಷಯ: ಬಸ್ ನಿಲುಗಡೆ ಕೋರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ..." ಕೊನೆಗೆ ಇಂತಿ ತಮ್ಮ ವಿಶ್ವಾಸಿ, ಸ್ಥಳ, ದಿನಾಂಕ. ಉತ್ತರ ಬರಲಿಲ್ಲ. ಮಾವ ನೆನಪೋಲೆ ಬರೆದರು. ಎರಡನೆಯ ನೆನಪೋಲೆ, ಮೂರನೆಯದು. ಯಾರೋ ಹಿರಿಯ ಮುಖಂಡರು ತೀರಿಕೊಂಡು ನಾಯಕರು ಕಂಬನಿ ಮಿಡಿದಾಗ ಅದರ ಕೆಳಗೆ, "ಮೃತರ ಆತ್ಮಕ್ಕೆ ಶಾಂತಿ ಕೋರುತ್ತಾ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ..."

ಆಮೇಲೆ ಒಂದು ದಿನ ನಾಯಕರ ಪೇಜು ಮಾವನ ಫೋನಿನಿಂದ ಮಾಯವಾಯಿತು. ಮಾವ ನೆಟ್‌ವರ್ಕಿಗೆಂದು ಮನೆಯ ತಾರಸಿ ಹತ್ತಿದರು, ಹಟ್ಟಿ ಹಿಂದಿನ ದಿಬ್ಬ ಹತ್ತಿದರು. ಕೊನೆಗೆ ನನಗೆ ಫೋನು ಮಾಡಿದರು. ಅವರು ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ, ಅಂದರೆ ಬಾಗಿಲು ಹಾಕಿಕೊಂಡಿದ್ದಾರೆ ಎಂದು ವಿವರಿಸಿದೆ.

"ಬಾಗ್ಲು ಆಕ್ಕಂಡವ್ರೆ ಅಂದ್ರೆ ಒಳ್ಗೇ ಅವ್ರೆ ಅಂತ ತಾನೆ?" ಅಂದರು ಮಾವ, ಸಮಾಧಾನದಿಂದ.

ಆಮೇಲೆ ಅರ್ಜಿಗಳು ಅತ್ತೆಯ ಖಾತೆಯಿಂದ ಹೊರಟವು. ಪಾಪ, ಅತ್ತೆ ರಂಗೋಲಿ ನೋಡಲಿಕ್ಕೆಂದು ಖಾತೆ ಇಟ್ಟುಕೊಂಡಿದ್ದವರು. ಅವರ ತವರು ಅರಕಲಗೂಡಿನಲ್ಲಿ ಅತ್ತೆ ರಾಜಕೀಯಕ್ಕೆ ಇಳಿದಿದ್ದಾರೆ ಎಂದು ಸುದ್ದಿಯಾಯಿತು. ಯಾವುದೋ ಪಕ್ಷದ ಮಹಿಳಾ ಘಟಕದವರು ಸೀರೆ, ಬಾಗಿನ ಹಿಡಿದುಕೊಂಡು ಮನೆಗೇ ಬಂದರು. ಮಾವ ಅವರಿಗೂ ಕಾಫಿ ಕೊಟ್ಟು, ಅರ್ಜಿಯ ಒಂದು ಪ್ರತಿ ಕೊಟ್ಟು ಕಳಿಸಿದರು.

ಇಲ್ಲಿಯವರೆಗೆ ನಗಬಹುದು. ಇನ್ನು ಮುಂದಿನದು ನನ್ನ ತಪ್ಪು.

ಆ ಕಂಬನಿಯ ಕೆಳಗಿನ ಅರ್ಜಿಯಿದೆಯಲ್ಲ, ಅದರ ಸ್ಕ್ರೀನ್‌ಶಾಟ್ ತೆಗೆದು ನಾನು ನಮ್ಮ ಕಾಲೇಜಿನ ಗೆಳೆಯರ ಗುಂಪಿಗೆ ಹಾಕಿದೆ. ಮಾವನ ಹೆಸರು ಅಳಿಸಿದ್ದೆ, ಅಷ್ಟು ಮರ್ಯಾದೆ ಇತ್ತು. ಗೆಳೆಯರು ಬಿದ್ದು ಬಿದ್ದು ನಕ್ಕರು. ಎರಡೇ ದಿನ. ಚನ್ನರಾಯಪಟ್ಟಣದ ಯಾರೋ ಅದನ್ನು ವಾರ್ತೆ ಓದುವ ದನಿಯಲ್ಲಿ ಓದಿ ರೀಲು ಮಾಡಿದರು. ಅರಕಲಗೂಡಿನ ಹೋಟೆಲೊಂದರ ಗೋಡೆಯ ಮೇಲೆ "ವಿಷಯ: ಚಟ್ನಿ ಸಾಲದಿರುವ ಬಗ್ಗೆ" ಎಂಬ ಚೀಟಿ ಕಾಣಿಸಿಕೊಂಡಿತು. ರಾಮನಾಥಪುರದ ತಂಬಾಕಿನ ರೈತರು ಬೆಲೆ ಬಿದ್ದದ್ದಕ್ಕೆ "ಮೃತರ ಆತ್ಮಕ್ಕೆ ಶಾಂತಿ ಕೋರುತ್ತಾ" ಎಂದು ಬರೆದುಕೊಂಡರು. ನಾಯಕರು ಏನೇ ಹಾಕಲಿ, ಗಿಡ ನೆಡಲಿ, ಎಮ್ಮೆಗೆ ಮೇವು ತಿನ್ನಿಸಲಿ, ಕೆಳಗೆ ಜಿಲ್ಲೆಗೆ ಜಿಲ್ಲೆಯೇ ಸಾಲುಗಟ್ಟಿ ನಿಂತು ಬಸ್ ನಿಲುಗಡೆ ಕೋರತೊಡಗಿತು!

ನಾಯಕರ ಕಡೆಯವರಿಗೆ ಇದು ತಮಾಷೆ ಎಂದು ಹೊಳೆಯಲೇ ಇಲ್ಲ. ಎದುರು ಪಕ್ಷದವರು ಜನರನ್ನು ಎತ್ತಿಕಟ್ಟಿದ್ದಾರೆ ಎಂದುಕೊಂಡರು. ಎದುರು ಪಕ್ಷದವರು, ಇಷ್ಟು ದೊಡ್ಡ ಜನಾಂದೋಲನ ನಮಗೆ ಗೊತ್ತಾಗದೆ ಹೋಯಿತಲ್ಲ ಎಂದು ಗಾಬರಿಯಾಗಿ ತಾವೂ ಒಂದು ಹೇಳಿಕೆ ಕೊಟ್ಟರು. ವರ್ಷಗಟ್ಟಲೆ ಅರ್ಜಿಗೆ ಅಲ್ಲಾಡದ ಕಡತ ನಗುವಿಗೆ ಅಲ್ಲಾಡಿತು. ನಿಲುಗಡೆ ಮಂಜೂರಾಯಿತು. ಗೇಟಿನಲ್ಲಿ ರಸ್ತೆಯ ಆ ಬದಿಗೊಂದು, ಈ ಬದಿಗೊಂದು ಫ್ಲೆಕ್ಸು ಎದ್ದವು. ಎರಡೂ ಪಕ್ಷದವರು ತಮ್ಮತಮ್ಮ ನಾಯಕರಿಗೆ ಅಭಿನಂದನೆ ಸಲ್ಲಿಸಿದ್ದರು. ಎರಡರಲ್ಲೂ ಮೂವತ್ತು ನಲವತ್ತು ಮುಖಗಳು. ಮಾವನದು ಎರಡರಲ್ಲೂ ಇರಲಿಲ್ಲ.

ಮಾವ ಮಾತ್ರ ಸಂತೋಷದಿಂದ ನನಗೆ ಫೋನು ಮಾಡಿ, ಜನ ನಮ್ಮ ಕಡೆ ಇದ್ದಾರೆ, ಚನ್ನರಾಯಪಟ್ಟಣದವರೂ ನಮ್ಮೂರಿಗೆ ಬಸ್ಸು ಕೇಳಿದ್ದಾರೆ ಅಂದರು. ನಿಜ ಹೇಳಿಬಿಡಬೇಕೆಂದು ಬಸ್ಸು ನಿಲ್ಲುವ ಮೊದಲ ದಿನ ಬೆಳಿಗ್ಗೆಯೇ ಊರಿಗೆ ಹೋದೆ.

ಗೇಟಿನಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸ್ವಲ್ಪ ದೂರದಲ್ಲಿದ್ದರು. ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವರೆಲ್ಲ ನಿಮ್ಮ ಕಡೆ ಇರಲಿಲ್ಲ ಮಾವ, ನಿಮ್ಮನ್ನು ನೋಡಿ ನಗುತ್ತಿದ್ದರು, ಶುರು ಮಾಡಿದ್ದು ನಾನು ಎಂದೆ. ಮಾವ ರಸ್ತೆಯ ಕಡೆ ನೋಡುತ್ತಲೇ ಕೇಳಿಸಿಕೊಂಡರು.

"ನಗ್ಲಿ ಬುಡ್ಲಾ," ಅಂದರು. "ನಗಾಡ್ಕಂಡೇ ಆಗ್ಲಿ, ಕೇಳುದ್ರಲ್ಲ."

ಅಷ್ಟರಲ್ಲಿ ಬಸ್ಸು ಬಂತು. ನಿಂತಿತು. ಜನ ಹತ್ತಿದರು. ನೀವೂ ಹತ್ತಿ ಮಾವ, ಮೊದಲ ಟಿಕೆಟ್ಟು ನಿಮ್ಮದಾಗಲಿ ಅಂದೆ. ಅವರು ಹತ್ತಲಿಲ್ಲ. ತಮಗೆ ಹಾಸನದಲ್ಲಿ ಏನೂ ಕೆಲಸವಿಲ್ಲ ಅಂದರು. ಹಾಗಿದ್ದರೆ ಇಷ್ಟು ವರ್ಷ ಯಾರಿಗಾಗಿ ಕೇಳಿದಿರಿ ಎಂದು ಕೇಳಿದೆ.

ಮಾವ ನಿಧಾನವಾಗಿ ಹೇಳಿದರು. ತಾವು ಕೆಲಸದಲ್ಲಿದ್ದಾಗ ಇದೇ ದಾರಿಯ ಬಸ್ಸಿನಲ್ಲಿದ್ದರಂತೆ. ಒಂದು ಬೆಳಿಗ್ಗೆ ಇದೇ ಗೇಟಿನಲ್ಲಿ ಹೆಂಗಸೊಬ್ಬಳು ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೈ ಅಡ್ಡ ಹಿಡಿದಳಂತೆ. ಡ್ರೈವರು ಬಸ್ಸು ನಿಧಾನ ಮಾಡಿ ಕನ್ನಡಿಯಲ್ಲಿ ಇವರ ಮುಖ ನೋಡಿದ. ಬಸ್ಸು ತುಂಬಿತ್ತು, ಇಲ್ಲಿ ಸ್ಟಾಪೂ ಇರಲಿಲ್ಲ. ಇವರು ನಿಲ್ಲಿಸಬೇಡ, ಹೋಗು ಎಂದು ಎರಡು ಬೆಲ್ಲು ಕೊಟ್ಟುಬಿಟ್ಟರು. ಹಿಂದಿನ ಗಾಜಿನಲ್ಲಿ ನೋಡಿದರೆ ಅವಳು ಮಗುವನ್ನು ಎತ್ತಿಕೊಂಡು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿಬರುತ್ತಿದ್ದಳು.

"ಮಗೂಗೆ ಏನಾಯ್ತು ಮಾವ?"

"ಗೊತ್ತಿಲ್ಲ ಕಣ್ಲಾ. ಸುತ್ತ ಅಳ್ಳೀಲಿ ಯಾರ್ನ ಕೇಳಿದ್ರೂ ಗೊತ್ತಾಯ್ತಿತ್ತು. ಕೇಳಕ್ಕೆ ಧೈರ್ಯ ಬರ್ಲಿಲ್ಲ."

ಬಸ್ಸು ಹೊರಟಿತು. ಮಾವ ಚಪ್ಪಲಿ ಬಿಟ್ಟು, ಅದು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಮುಗಿದುಕೊಂಡು ನಿಂತಿದ್ದರು. ಬಸ್ಸಿನ ಬೆನ್ನಿಗೆ ಒಬ್ಬರು ಕೈ ಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.