ಎಮ್ಮೆಯಿಲ್ಲದವರ ಹುಲ್ಲು

ಬೇರೆಯವರ ಮನೆಯಲ್ಲಿ ಚೆಂದ ಕಂಡದ್ದೆಲ್ಲ ನಮ್ಮ ಮನೆಯಲ್ಲೂ ಇರಬೇಕು ಎನ್ನುವುದು ನನ್ನ ಹಳೆಯ ಕಾಯಿಲೆ. ಇದರ ದೆಸೆಯಿಂದ ಒಮ್ಮೆ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳು ಬಂದವು. ಅವು ಒಂದೊಂದಾಗಿ ತೀರಿಕೊಂಡ ಮೇಲೆ ನಮ್ಮ ಯಜಮಾನರು ಆ ತೊಟ್ಟಿಗೆ ಈರುಳ್ಳಿ ತುಂಬಿಟ್ಟರು. ಮೀನಾದ ಮೇಲೆ ಬಂದದ್ದು ಲಾನು.

ಮೊಬೈಲು ಇನ್ನೂ ಅಂಗಡಿ ಸಾಹುಕಾರರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ನಂಜನಗೂಡಿನ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿ ವರ್ಷವಾಗಿತ್ತು. ಯಜಮಾನರು ಊರಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಾನು ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಮೈಸೂರಿನ ನೆಂಟರೊಬ್ಬರ ಮನೆಯ ಮುಂದೆ ಜಮಖಾನ ಹಾಸಿದಂತಿದ್ದ ಹುಲ್ಲು ಕಂಡು ನನಗೆ ನಿದ್ದೆ ಬಾರದಾಯಿತು. ಮುಂದಿನ ವಾರವೇ ಅಲ್ಲಿನ ನರ್ಸರಿಯಿಂದ ಹುಲ್ಲಿನ ಚದರ ತುಂಡುಗಳನ್ನು ಗೂಡ್ಸ್ ಆಟೋದಲ್ಲಿ ತರಿಸಿ ಅಂಗಳದ ತುಂಬ ಹಾಸಿಸಿದೆ.

ಆ ಹುಲ್ಲು ನೀರು ಕುಡಿಯುತ್ತಿದ್ದ ಪರಿಯನ್ನು ಏನೆಂದು ಹೇಳಲಿ! ನಮ್ಮ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ. ಯಜಮಾನರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಇವತ್ತು ಸ್ನಾನ ನನಗೋ, ಹುಲ್ಲಿಗೋ?" ಎಂದು ಕೇಳುತ್ತಿದ್ದರು. ನಾನು ಪೈಪು ಹಿಡಿದು ಹುಲ್ಲಿಗೆ ಸ್ನಾನ ಮಾಡಿಸಿ, ಬಸ್ಸು ಹಿಡಿದು ಹೋಗಿ, ಎಂಟನೇ ತರಗತಿಯ ಮಕ್ಕಳಿಗೆ ನೀರನ್ನು ಮಿತವಾಗಿ ಬಳಸುವ ಬಗ್ಗೆ ಪಾಠ ಮಾಡಿ ಬರುತ್ತಿದ್ದೆ. ಆ ಪಾಠ ಬಹಳ ಚೆನ್ನಾಗಿ ಮಾಡುತ್ತೇನೆಂದು ಹೆಸರೂ ಇತ್ತು.

ಅಷ್ಟು ನೀರು ಕಂಡ ಮೇಲೆ ಕಳೆ ಸುಮ್ಮನಿರುತ್ತದೆಯೇ? ಹುಲ್ಲಿನ ಮಧ್ಯೆ ಏನೇನೋ ಗಿಡಗಳು ತಲೆಯೆತ್ತಿದವು. ನಾನು ಕಿತ್ತಷ್ಟೂ ಬಂದವು. ಅಷ್ಟರಲ್ಲಿ ನಮ್ಮ ಹೆಡ್‌ಮೇಡಂ, "ಭಾನುವಾರ ನಂಜನಗೂಡಿಗೆ ದೇವಸ್ಥಾನಕ್ಕೆ ಬರ್ತಿದ್ದೀವಿ ಕಣ್ರೀ, ದಿನಾ ಹೇಳ್ತೀರಲ್ಲ, ಆ ನಿಮ್ಮ ಲಾನೂ ನೋಡ್ಕೊಂಡು ಹೋಗ್ತೀವಿ" ಎಂದುಬಿಟ್ಟರು. ಗಾಬರಿಯಾಗಿ, ಹುಲ್ಲಹಳ್ಳಿಯ ಗದ್ದೆಗಳಲ್ಲಿ ಕಳೆ ಕೀಳುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಸಿದ್ದಮ್ಮನನ್ನು ಹೇಳಿ ಕಳಿಸಿ ಕರೆಸಿದೆ. ಶನಿವಾರ ಬೆಳಿಗ್ಗೆ ಅವಳಿಗೆ ಅಂಗಳ ತೋರಿಸಿ, "ಕಳೆ ಒಂದೂ ಇರಬಾರದು ನೋಡು" ಎಂದು ಹೇಳಿ ಶಾಲೆಗೆ ಓಡಿದೆ.

ಮಧ್ಯಾಹ್ನ ಬಂದು ಗೇಟು ತೆಗೆದವಳು ಬೇರೆ ಯಾರದೋ ಮನೆಗೆ ಬಂದೆನೇನೋ ಎಂದು ಒಂದು ಹೆಜ್ಜೆ ಹಿಂದಕ್ಕೆ ಹೋದೆ. ಅಂಗಳದಲ್ಲಿ ಕೆಂಪು ಮಣ್ಣು ಕಾಣುತ್ತಿತ್ತು. ನಾನು ತಿಂಗಳುಗಟ್ಟಲೆ ಯುದ್ಧ ಮಾಡಿದ್ದ ಗಿಡಗಳೆಲ್ಲ ಒಂದೂ ಕದಲದೆ, ಬುಡಕ್ಕೆ ಮಣ್ಣು ಏರಿಸಿಕೊಂಡು ಠೀವಿಯಿಂದ ನಿಂತಿದ್ದವು. ಮೂಲೆಯಲ್ಲಿ ಬೇರು ಕೊಡವಿದ ಲಾನು ಬಿಸಿಲಿಗೆ ಬಾಡಿ ಗುಡ್ಡೆಯಾಗಿ ಬಿದ್ದಿತ್ತು.

"ಬನ್ನಿ ಟೀಚ್ರಮ್ಮ, ನೋಡಿ" ಎಂದಳು ಸಿದ್ದಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಒಂದ್ ಎಸಳು ಹುಲ್ಲೂ ಬುಟ್ಟಿಲ್ಲ. ಏನ್ ಬೇರು ಬುಟ್ಟಿತ್ತು ಅಂತೀರಿ, ಸೊಂಟ ಬಿದ್ದೋಯ್ತು. ಸೊಪ್ನ ಮಾತ್ರ ಅಂಗೇ ಮಡಗಿವ್ನಿ."

"ಅಯ್ಯೋ, ಹುಲ್ಲೇ ಬೇಕಾಗಿದ್ದದ್ದು! ನಿನಗೆ ಅಷ್ಟೂ ಬುದ್ಧಿ ಬೇಡವಾ?" ಎಂದು ಕಿರುಚಿದೆ.

ಅವಳ ಮುಖ ಸಣ್ಣದಾಯಿತು. "ಕಳೆ ಒಂದೂ ಇರ್ಬಾರ್ದು ಅಂದೋರು ನೀವೇಯ. ಎಮ್ಮೆ ಇಲ್ದೋರ ಮನೇಲಿ ಹುಲ್ಲು ಕಳೆಯಲ್ದೆ ಇನ್ನೇನವ್ವ?" ಎಂದವಳು ಕಾಫಿಯನ್ನೂ ಮುಟ್ಟದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಭಾನುವಾರ ಹೆಡ್‌ಮೇಡಂ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಬಂದರು. "ಎಲ್ಲಿ ಕಣ್ರೀ ಲಾನು?"

"ತೆಗೆಸಿಬಿಟ್ಟೆ ಮೇಡಂ" ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು. "ನೀರು ದಂಡ. ನಮ್ಮ ಮಣ್ಣಿನಲ್ಲಿ ತಾನಾಗಿ ಬೆಳೆಯೋದನ್ನೇ ಬೆಳೆಸೋಣ ಅಂತ." ಒಳಗಿನಿಂದ ಯಜಮಾನರು ಕೆಮ್ಮಿದ್ದು ಕೇಳಿಸಿತು.

ಮೇಡಂ ಖುಷಿಯಾಗಿಹೋದರು. "ಇದ್ಯಾವ ಸೊಪ್ಪು?" ಎಂದು ಬಗ್ಗಿ ಕೇಳಿದರು. "ಅದು ಔಷಧಿ ಸೊಪ್ಪು ಮೇಡಂ." "ಇದು?" "ಅದೂ ಔಷಧಿಯೇ." "ಭೇಷ್! ಬರೋ ಶನಿವಾರ ನಮ್ಮ ಶಾಲೆ ಹಿತ್ತಲಿನಲ್ಲೂ ಹೀಗೇ ಮಾಡ್ಸಿ. ಒಂದೊಂದು ಸೊಪ್ಪನ್ನೂ ಮಕ್ಕಳಿಗೆ ನೀವೇ ಪರಿಚಯ ಮಾಡ್ಕೊಡಿ" ಎಂದರು. ಅವರು ಅತ್ತ ಹೋದರು, ಯಜಮಾನರು ಇತ್ತ ಬಂದು, "ನಾಳೆ ಹುಲ್ಲಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಅಂತ ವಿಚಾರಿಸಲಾ?" ಎಂದರು.

ರಜೆ ಹಾಕಿ ಹೋದೆ. ಸಿದ್ದಮ್ಮ ಗದ್ದೆಯಲ್ಲಿದ್ದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಿಂತು, "ತಪ್ಪಾಯ್ತು ಸಿದ್ದಮ್ಮ, ಸಿಟ್ಟಿನಲ್ಲಿ ಅಂದುಬಿಟ್ಟೆ" ಎಂದೆ. ಅವಳು ಬಗ್ಗಿಸಿದ ಬೆನ್ನು ಎತ್ತಲಿಲ್ಲ.

"ಮದ್ವೆಯಾಗಿ ಬಂದಾಗ್ಲಿಂದ ಕಳೆ ಕೀಳ್ತಿವ್ನಿ. ನಿಂಗೆ ಬುದ್ಧಿ ಇಲ್ಲ ಅಂತ ಇದ್ವರ್ಗೂ ಯಾರೂ ಅಂದಿರ್ನಿಲ್ಲ" ಎಂದಳು.

ಅವಳು ಬೈದಿದ್ದರೆ ವಾಸಿಯಾಗಿತ್ತು. ಏನೂ ತೋಚದೆ ಇದ್ದ ಸತ್ಯವನ್ನೆಲ್ಲ ಹೇಳಿಬಿಟ್ಟೆ: ಮೇಡಂ ಬಂದದ್ದು, ನಾನು ಬುರುಡೆ ಬಿಟ್ಟದ್ದು, ಎಲ್ಲ ಗಿಡವನ್ನೂ ಔಷಧಿ ಅಂದದ್ದು, ಶನಿವಾರ ಶಾಲೆಯಲ್ಲಿ ಅವನ್ನೆಲ್ಲ ಮಕ್ಕಳಿಗೆ ಪರಿಚಯ ಮಾಡಿಕೊಡಬೇಕಾಗಿ ಬಂದದ್ದು. ಸಿದ್ದಮ್ಮ ನಿಧಾನಕ್ಕೆ ಎದ್ದು ನಿಂತಳು. ಆಮೇಲೆ ನಕ್ಕಳು. ನಕ್ಕೂ ನಕ್ಕೂ ಬದುವಿನ ಮೇಲೆ ಕೂತೇಬಿಟ್ಟಳು. "ಔಸ್ದಿಯಂತೆ! ಅದು ಹೊನಗೊನೆ ಕನ್ರವ್ವ, ಇನ್ನೊಂದು ಗಣಿಕೆ. ಬೆರಕೆ ಸೊಪ್ಪು, ಉಪ್ಸಾರು ಮಾಡೋದು. ಸ್ಯಾನ ಓದ್ಕಂಡಿದ್ದೀರಿ, ಇದ್ ಗೊತ್ತಿಲ್ವಾ?"

ಶನಿವಾರ ಅವಳೇ ತಿ. ನರಸೀಪುರಕ್ಕೆ ಬಂದಳು. ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಒಣಗಿದ ಎಲೆಯನ್ನು ಸುಡದೆ ಬುಡಕ್ಕೆ ಹಾಸುವುದು, ಕೈ ತೊಳೆದ ನೀರಿಗೆ ಕಾಲುವೆ ತೆಗೆದು ಸೊಪ್ಪಿಗೆ ಹರಿಸುವುದು ಎಲ್ಲ ಮಾಡಿ ತೋರಿಸಿದಳು. ಹಿಂದಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡವಳು ನಾನೊಬ್ಬಳೇ. ಕೊನೆಗೆ ಅವಳು ಎರಡು ಗಿಡ ಎತ್ತಿ ಹಿಡಿದು, ಯಾವುದು ಸೊಪ್ಪು, ಯಾವುದು ಕಳೆ ಎಂದಳು. ನಾನು ಜಂಬದಿಂದ ಎಲ್ಲರಿಗಿಂತ ಮೊದಲು ಕೈಯೆತ್ತಿದೆ. ತಪ್ಪಾಯಿತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು.

"ಟೀಚ್ರಮ್ಮ, ನೀವು ನೀರಾಕಿ ಸಾಕು. ಕೀಳಕ್ ಮಾತ್ರ ಓಗ್ಬ್ಯಾಡಿ, ನಂಗೇಳಿ" ಎಂದಳು ಸಿದ್ದಮ್ಮ.

ಹಾಗಾಗಿ, ನನ್ನ ಹೆಸರಿಗೇ ಖಾತೆಯಿರುವ ಅಂಗಳದಲ್ಲಿ ಒಂದು ಗಿಡ ಕೀಳಬೇಕೆಂದರೂ ನಾನು ಇವತ್ತಿಗೂ ಹುಲ್ಲಹಳ್ಳಿ ಬಸ್ಸಿನ ದಾರಿ ಕಾಯುತ್ತೇನೆ.