ಮಾದಪ್ಪನ ಮೇಲೆ ಭಾರ ಹಾಕದ ಮಾವ

ಚಾಮರಾಜನಗರ. ಮಂಗಳವಾರ, ಬೆಳಿಗ್ಗೆ ಆರೂಕಾಲು.

ತನಗೆ ಅನ್ಯಾಯ ಮಾಡಿದವನ ಆರೋಗ್ಯದ ಬಗ್ಗೆ ನನ್ನ ಸೋದರಮಾವನಷ್ಟು ಚಿಂತೆ ಮಾಡುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ನನ್ನ ಡೈರಿಗಳನ್ನೆಲ್ಲ ಒಲೆಗೆ ಹಾಕಿಬಿಡುತ್ತೇನೆ. ದಿನವೂ ತಾರೀಖು ಹಾಕಿ, ಗಂಟೆ ಹಾಕಿ, ಆದದ್ದನ್ನು ಆದ ಹಾಗೆ ಬರೆಯುವುದು ನನ್ನ ಚಾಳಿ. ವರ್ಷದ ಕೊನೆಯಲ್ಲಿ ಯಾವುದು ಎಷ್ಟು ಸಲ ಅಂತ ಒಟ್ಟು ಮಾಡುವುದು ಇನ್ನೊಂದು ಚಾಳಿ. ಹೋದ ವರ್ಷದ ಒಟ್ಟಿನಲ್ಲಿ ‘ಮಾವನ ಜಗಳ’ ಎಂಬ ಬಾಬ್ತು ‘ತಲೆನೋವು’ ಎಂಬ ಬಾಬ್ತನ್ನು ಹಿಂದೆ ಹಾಕಿದೆ. ಎರಡಕ್ಕೂ ಸಂಬಂಧವಿದೆಯೋ ಏನೋ.

ಮಾವ ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ದೇವರಿಲ್ಲ, ಸ್ವರ್ಗವಿಲ್ಲ, ನರಕವಿಲ್ಲ, ಮುಂದಿನ ಜನ್ಮ ಅಂತೂ ಇಲ್ಲವೇ ಇಲ್ಲ ಎನ್ನುವವರು. ಹಾಗೆನ್ನುವವರು ಆರಾಮಾಗಿ ಇರುತ್ತಾರೆ ಎಂದು ನೀವು ತಿಳಿದಿದ್ದರೆ ಒಂದು ವಾರ ನಮ್ಮ ಮಾವನ ಜೊತೆ ಇದ್ದು ನೋಡಿ. ಆರಾಮಾಗಿರುವವರು ನಾವು. ಯಾರಾದರೂ ಮೋಸ ಮಾಡಿದರೆ ‘ದೇವರು ನೋಡಿಕೊಳ್ಳುತ್ತಾನೆ’ ಎಂದು ಹೇಳಿ, ಮಗ್ಗುಲು ಬದಲಿಸಿ ಮಲಗುತ್ತೇವೆ. ಮಾವನಿಗೆ ಹಾಗೆ ವಹಿಸಿಕೊಡಲು ಯಾರಿದ್ದಾರೆ? ಯಮನ ಕೆಲಸ, ಚಿತ್ರಗುಪ್ತನ ಕೆಲಸ ಎರಡನ್ನೂ ಅವರೊಬ್ಬರೇ ಮಾಡಬೇಕು, ಅದೂ ಸ್ಕೂಟರಿನಲ್ಲಿ ತಿರುಗಿಕೊಂಡು.

“ಫೌಲ್ ಆದಾಗ್ಲೇ ವಿಷಲ್ ಊದ್ಬೇಕು ಕಣಮ್ಮಿ,” ಎನ್ನುತ್ತಾರೆ. “ಆಟ ಮುಗ್ದು, ಉಡುಗ್ರೆಲ್ಲ ಮನೆಗೋದ್ ಮ್ಯಾಲೆ, ಖಾಲಿ ಫೀಲ್ಡಲ್ಲಿ ನಿಂತ್ಕಂಡು ಊದುದ್ರೆ ಯಾರ್ಗೆ ಕೇಳ್ತದ?”

ಒಮ್ಮೆ ಇಬ್ಬರೂ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೊರಟಿದ್ದೆವು. ತುಂಬು ಬಸುರಿಯೊಬ್ಬಳು ನಿಂತಿದ್ದಳು. ಕಿಟಕಿಯ ಪಕ್ಕದ ಸೀಟಿಗೆ ಟವೆಲ್ ಎಸೆದು ಜಾಗ ಹಿಡಿದಿದ್ದ ದಪ್ಪ ಮನುಷ್ಯನೊಬ್ಬ ಕಣ್ಣು ಮುಚ್ಚಿ ನಿದ್ದೆಯ ನಟನೆಯಲ್ಲಿದ್ದ. ಮಾವ ಅವನ ಭುಜ ತಟ್ಟಿದರು. ಅವನ ನಿದ್ದೆ ಇನ್ನೂ ಗಾಢವಾಯಿತು. ಹಿಂದಿನಿಂದ ಒಬ್ಬ ಅಜ್ಜ, “ಬುಡಿ ಸಾ, ಅಂಥೋರ್ನ ದೇವ್ರು ನೋಡ್ಕತನ,” ಎಂದ.

“ದೇವ್ರು ನೋಡ್ಕಳೋಗಂಟ ಈ ಎಣ್ಮಗ ನಿಂತೇ ಇರ್ಬೇಕಾ ತಾತ? ಅಷ್ಟೊತ್ಗೆ ತೆರಕಣಾಂಬಿ ಬಂದೋಯ್ತದ,” ಎಂದ ಮಾವ ಜೇಬಿನಿಂದ ವಿಷಲ್ ತೆಗೆದು ಊದಿಯೇಬಿಟ್ಟರು. ದಪ್ಪ ಮನುಷ್ಯ ಎದ್ದ. ಆದರೆ ಡ್ರೈವರ್ ಅದನ್ನು ಕಂಡಕ್ಟರನ ವಿಷಲ್ ಎಂದುಕೊಂಡು ಬಸ್ಸನ್ನೇ ನಿಲ್ಲಿಸಿದ. ಕಂಡಕ್ಟರ್ ಬಂದು, ಎದ್ದವನನ್ನು ಬಿಟ್ಟು, ಊದಿದವರನ್ನು ಇಳಿಸಿದ. ಜೊತೆಯಲ್ಲಿದ್ದ ತಪ್ಪಿಗೆ ನಾನೂ ಇಳಿದೆ.

ಇನ್ನೊಮ್ಮೆ ಗುಂಡ್ಲುಪೇಟೆಯ ಹೊರಗೆ ಚೆಂಡು ಹೂವಿನ ಹೊಲದಲ್ಲಿ ಕೇರಳದಿಂದ ಬಂದವರು ಹೂವಿನ ನಡುವೆ ನುಗ್ಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾವ ಸ್ಕೂಟರ್ ನಿಲ್ಲಿಸಿ, ತಮಗೆ ಬರುವ ಅರೆಬರೆ ಮಲಯಾಳದಲ್ಲಿ “ಇವಿಡೆ ತನ್ನೆ, ಇವಿಡೆ ತನ್ನೆ” ಎಂದು ಕೂಗಿದರು. ಇಲ್ಲಿಯೇ, ಈಗಲೇ, ಹೊಲದವನಿಗೆ ಕ್ಷಮೆ ಕೇಳಿ ಎಂದು ಅವರ ಅರ್ಥ. ಪಾಪ, ಅವರು ಸಾಲಾಗಿ ನಿಂತು ಕೈಮುಗಿದರು. ಹೊಲದವನು ಬದುವಿನ ಮೇಲಿಂದ ಓಡಿ ಬಂದ. “ನಾನೇ ಬುಟ್ಟಿರದು ಮೇಷ್ಟ್ರೇ! ಹೂವ್ಗಿಂತ ಫೋಟೊದಲ್ಲೇ ನಾಕ್ ಕಾಸು ಸಿಕ್ತದ. ಅದ್ಕೂ ಕಲ್ಲಾಕ್ಬೇಡಿ, ಓಗಿ.” ಯಮನಿಗೂ ಆಗಾಗ ವಿಳಾಸ ತಪ್ಪುತ್ತದೆ.

ಇಷ್ಟೆಲ್ಲ ನಗುತ್ತ ಹೇಳಿದೆನಾದರೂ, ಮಾವನನ್ನು ನಿಜವಾಗಿ ಕೂರಲು ಬಿಡದೆ ಓಡಾಡಿಸುತ್ತಿದ್ದ ಅನ್ಯಾಯ ಬೇರೆ. ಅದು ಅತ್ತೆಗೆ, ಎಂದರೆ ಅವರ ಹೆಂಡತಿಗೆ, ಆದದ್ದು.

ಅತ್ತೆಯ ತವರು ಹರವೆ ಕಡೆಯ ಒಂದು ಊರು. ಕೆಲವು ವರ್ಷಗಳ ಹಿಂದೆ ತವರಿಗೆ ಹೋಗಿದ್ದಾಗ ಊರಬಾಗಿಲಲ್ಲಿ ಒಂದು ಬೈಕು ಅವರಿಗೆ ಗುದ್ದಿ, ನಿಲ್ಲದೆ ಹೋಯಿತು. ಎಡಗಾಲು ಮುರಿಯಿತು. ಓಡಿಸಿದವರನ್ನು ಅತ್ತೆ ಕಣ್ಣಾರೆ ಕಂಡಿದ್ದರು. ಆ ಊರಿನ ಹಿಟ್ಟಿನ ಗಿರಣಿಯ ಯಜಮಾನರು. ಬೇರೆ ಸಾಕ್ಷಿ ಇರಲಿಲ್ಲ. ಪೊಲೀಸಿನಲ್ಲಿ ಕೇಸು ನಿಲ್ಲಲಿಲ್ಲ. ಊರಿನವರು ಸೇರಿ, ಇಂಥದಕ್ಕೆ ಅಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಸೋಮವಾರ, ಗುಡ್ಡದ ಮೇಲಿನ ಮಾದಪ್ಪನ ಗುಡಿಯಲ್ಲಿ ಆಣೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ‘ನಾನಲ್ಲ’ ಎಂದರೆ ಮುಗಿಯಿತು. ಸುಳ್ಳು ಹೇಳಿದ್ದರೆ ವರ್ಷದೊಳಗೆ ಆಣೆ ತಟ್ಟುತ್ತದೆ. ಯಜಮಾನರು ಆರಿಸಿದರು, ‘ನಾನಲ್ಲ’ ಅಂದರು.

ಆ ವರ್ಷ ಏನಾಯಿತು ಗೊತ್ತೇ? ಯಜಮಾನರ ಬೋರ್‌ವೆಲ್ಲಿನಲ್ಲಿ ನೀರು ಉಕ್ಕಿತು. ಮಗಳಿಗೆ ಸರ್ಕಾರಿ ನೌಕರಿಯ ಗಂಡು ಸಿಕ್ಕಿತು. ಆಣೆ ತಟ್ಟಲಿಲ್ಲ ಎಂದ ಮೇಲೆ ಸುಳ್ಳು ಹೇಳಿದವರು ಯಾರು? ಕಾಲು ಮುರಿದುಕೊಂಡವರೇ! “ಕಣ್ ಮಂಜಾಗಿತ್ತೇನೋ,” ಎಂದರು ಮರ್ಯಾದಸ್ಥರು. ಉಳಿದವರು ನೇರವಾಗಿ ಸುಳ್ಳುಗಾತಿ ಎಂದರು. ಅತ್ತೆ ತವರಿಗೆ ಹೋಗುವುದನ್ನು ಬಿಟ್ಟರು. ಗೌರಿ ಹಬ್ಬಕ್ಕೆ ಅವರ ಅಣ್ಣನೇ ಬಾಗಿನ ಹೊತ್ತು ಗುಂಡ್ಲುಪೇಟೆಗೆ ಬರಬೇಕಾಯಿತು.

ಅಂದಿನಿಂದ ಮಾವನ ಹಟ ಒಂದೇ. ಯಜಮಾನರು ತಮ್ಮ ಬಾಯಿಂದ ನಿಜ ಹೇಳಬೇಕು, ಸಾಯುವ ಮೊದಲು ಹೇಳಬೇಕು. “ಅವ್ರು ಸತ್ತೋದ್ರೆ ಆಮೇಲೆ ಕೇಳಾಕೆ ನಂಗೆ ಬ್ಯಾರೆ ಆಫೀಸಿಲ್ಲ ಕಣಮ್ಮಿ.” ಹಾಗಾಗಿ ತಿಂಗಳಿಗೊಮ್ಮೆ ರಾಗಿ ಮೂಟೆಯನ್ನು ಸ್ಕೂಟರಿಗೆ ಕಟ್ಟಿ, ದಾರಿಯ ಗಿರಣಿಗಳನ್ನೆಲ್ಲ ದಾಟಿಕೊಂಡು ಅಲ್ಲಿಗೇ ಹೋಗುತ್ತಿದ್ದರು.

“ಈಗ್ಲಾರ ಏಳ್ತೀರಾ ಯಜಮಾನ್ರೇ?”

“ಏನ ಏಳದು?”

“ಸರಿ ಬುಡಿ. ಬಿ.ಪಿ. ಮಾತ್ರೆ ತಗತಿದ್ದೀರಾ? ಉಪ್ಪಿನಕಾಯಿ ಕಮ್ಮಿ ಮಾಡಿ. ಬೆಳಿಗ್ಗೆ ಸ್ವಲ್ಪ ನಡೀರಿ.”

ಯಜಮಾನರ ಹೆಂಡತಿ ಇವರನ್ನು ಗಂಡನ ಪ್ರಾಣಸ್ನೇಹಿತರೆಂದೇ ನಂಬಿ ಕಾಫಿ ಕೊಡುತ್ತಿದ್ದರು. ಕಾಫಿ ಕುಡಿಯುತ್ತ ಮಾವ ಯಜಮಾನರ ಲೋಟದಲ್ಲಿ ಸಕ್ಕರೆ ಎಷ್ಟಿದೆ ಎಂದು ಬಗ್ಗಿ ನೋಡುತ್ತಿದ್ದರು.

ಎರಡು ತಿಂಗಳ ಹಿಂದೆ ಯಜಮಾನರಿಗೆ ಸಕ್ಕರೆ ಕಾಯಿಲೆ ಏರಿ, ಕಾಲಿನ ಗಾಯ ಕೊಳೆತು, ಹೆಬ್ಬೆರಳನ್ನು ತೆಗೆದರು. ಊರು ಒಂದೇ ದಿನದಲ್ಲಿ ತಿರುಗಿ ನಿಂತಿತು. ಆಣೆ ತಟ್ಟಿತು, ತಡವಾಗಿಯಾದರೂ ತಟ್ಟಿತು, ಅದೂ ಕಾಲಿಗೇ ತಟ್ಟಿತು! ಗಿರಣಿಗೆ ರಾಗಿ ತರುವವರು ಇಲ್ಲವಾದರು. ಅತ್ತೆಯ ಅಣ್ಣ ಫೋನು ಮಾಡಿ, “ಬಾರವ್ವ, ನೀ ಏಳಿದ್ದೇ ನಿಜ ಅಂತಾವ್ರೆ ಎಲ್ರೂ,” ಎಂದರು. ಅತ್ತೆ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದರು.

ಸುಮ್ಮನಿರಬಾರದೇ ಮಾವ? ಅದೇ ದಿನ ಆ ಊರಿಗೆ ಹೋಗಿ, ಟೀ ಅಂಗಡಿಯ ಮುಂದೆ ನಿಂತು ಭಾಷಣ ಮಾಡಿದರು. “ಇದು ಶುಗರ್ ಕಣ್ರಪ್ಪ. ಚಪ್ಲಿ ಇಲ್ದೆ ತಿರುಗಿ ಗಾಯ ಆಗದ. ಆಣೆಯಂತೆ ಆಣೆ! ನನ್ನ ಎಡ್ತಿಗೆ ಮುರ್ದಿದ್ದು ಎಡಗಾಲು, ಇವ್ರಿಗೆ ಓಗಿರದು ಬಲಗಾಲ್ ಬೆರಳು. ನಿಮ್ಮ ಮಾದಪ್ಪಂಗೆ ಎಡ ಬಲ ಗೊತ್ತಿಲ್ವಾ?”

ಊರು ಗೊಂದಲಕ್ಕೆ ಬಿತ್ತು. ಗಂಡನೇ ಆಣೆ ತಟ್ಟಿಲ್ಲ ಎಂದ ಮೇಲೆ ಹೆಂಡತಿ ಮತ್ತೆ ಸುಳ್ಳುಗಾತಿ ತಾನೇ? ಅತ್ತೆ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದರು.

“ನನ್ ಕಡೆ ಮಾತಾಡಕೆ ಮಾದಪ್ಪ ಒಬ್ಬ ಬಂದಿದ್ದ. ಅವನ್ಗೂ ಅಡ್ಡ ಬಂದ್ರಲ್ಲ,” ಎಂದವರು ಆಮೇಲೆ ಮಾವನೊಡನೆ ಮಾತು ನಿಲ್ಲಿಸಿದರು. ‘ಊಟಕ್ಕೆ ಬರಬೇಕಂತೆ’ ಎನ್ನುವುದನ್ನೂ ಆಗ ಅವರ ಮನೆಗೆ ಹೋಗಿದ್ದ ನಾನು ಹೇಳಬೇಕಾಗಿತ್ತು.

“ಕಾಯಿಲೆ ಬಂದೋರೆಲ್ಲ ಪಾಪ ಮಾಡಿರೋರು ಅಂದ್ರೆ, ನಾಳೆ ಅವಳ್ಗೇ ಶುಗರ್ ಬಂದ್ರೆ ಊರೋರು ಏನಂತಾರೆ, ಕೇಳಮ್ಮಿ ನಿಮ್ಮತ್ತೆನ,” ಎಂದು ಮಾವ ನನ್ನ ಮೂಲಕವೇ ಕೇಳಿದರು. ಅತ್ತೆ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದರು.

ಯಜಮಾನರು ಚಾಮರಾಜನಗರದ ಆಸ್ಪತ್ರೆಯಲ್ಲಿದ್ದರು. ದೇವರ ಶಿಕ್ಷೆಗೆ ಗುರಿಯಾದವರನ್ನು ನೋಡಲು ನೆಂಟರೂ ಹಿಂಜರಿದರು. ಮಾವ ಮಾತ್ರ ಉಪ್ಪು ಕಡಿಮೆ ಹಾಕಿದ ರಾಗಿ ಗಂಜಿ ಹಿಡಿದು ಹೋದರು. ಒಂದು ಸಂಜೆ ನಾನೂ ಜೊತೆಗಿದ್ದೆ.

“ನಿಮ್ಗೂ ನಗು ಬರಾಕಿಲ್ವಾ ಮೇಷ್ಟ್ರೇ? ಊರೇ ನಗ್ತದ,” ಎಂದರು ಯಜಮಾನರು.

“ಕಾಯಿಲೆ ನೋಡಿ ಯಾಕ್ ನಗಾನ? ನೀವು ಮಾಡಿದ್ದು ಬ್ಯಾರೆ, ಇದು ಬ್ಯಾರೆ.”

“ಇದು ಮಾದಪ್ಪನ ಶಿಕ್ಷೆ ಅಲ್ವಾ?”

“ಅಲ್ಲ.”

ಯಜಮಾನರು ಬಟ್ಟೆ ಸುತ್ತಿದ್ದ ಕಾಲನ್ನು ನೋಡಿದರು. “ಬೆರಳು ಕೊಟ್ಟೆ, ಚುಕ್ತಾ ಆಯ್ತು ಅನ್ಕಂಡಿದ್ದೆ. ಅಂಗಾರ ಇನ್ನೂ ಬಾಕಿ ಅದಾ?”

“ನಿಮ್ ಬೆರಳು ತಗಂಡು ನನ್ನ ಎಡ್ತಿ ಏನ್ ಮಾಡ್ಲಿ ಯಜಮಾನ್ರೇ? ಅವ್ಳು ಸುಳ್ ಏಳಿಲ್ಲ ಅಂತ ಏಳಿ. ಸಾಕು. ಗಂಜಿ ಆರೋಯ್ತದ, ಕುಡೀರಿ.”

ಯಜಮಾನರು ಗೋಡೆಯ ಕಡೆ ತಿರುಗಿದರು. ಹೋದ ವಾರ ಅವರ ಹೆಂಡತಿ ಫೋನು ಮಾಡಿದರು. ಹೇಳುತ್ತಾರಂತೆ. ಆದರೆ ಆಣೆ ಇಟ್ಟ ಗುಡಿಯಲ್ಲೇ, ಸೋಮವಾರ, ಮಾದಪ್ಪನ ಎದುರಿಗೆ.

ಮಾವ ಹಾರಾಡಿದರು. “ದೇವ್ರಿಗೆ ಎಲ್ಲಾ ಗೊತ್ತು ಅಂತೀರಲ್ಲ, ಗೊತ್ತಿರೋನ್ಗೆ ಓಗಿ ಯಾಕ್ ಏಳ್ಬೇಕು? ಗೊತ್ತಿಲ್ದೋರು ಟೀ ಅಂಗ್ಡೀಲಿ ಕೂತವ್ರೆ. ಅಲ್ಲಿ ಬಂದು ಏಳ್ಲಿ.”

ಅಷ್ಟು ದಿನದ ಮೇಲೆ ಅತ್ತೆ ಅವರೊಡನೆ ನೇರವಾಗಿ ಮಾತಾಡಿದರು. “ಗುಡೀಲೇ ಏಳ್ಲಿ. ನನ್ನ ಸುಳ್ಳುಗಾತಿ ಮಾಡಿದ್ದು ಅಲ್ಲೇ.”

ನಿನ್ನೆ ಸೋಮವಾರ. ಗುಡ್ಡದ ಬುಡದಲ್ಲಿ ಊರೇ ನೆರೆದಿತ್ತು. ಮಾವ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತು, ತಾವು ಇಲ್ಲಿಂದ ಒಂದು ಹೆಜ್ಜೆ ಮುಂದಿಡುವುದಿಲ್ಲ ಎಂದರು. ಅತ್ತೆ ಮೊದಲ ಮೆಟ್ಟಿಲಿನ ಮುಂದೆ ನಿಂತರು. ಎತ್ತರದ ಕಲ್ಲಿನ ಮೆಟ್ಟಿಲುಗಳು, ಮಡಿಸಲಾಗದ ಮಂಡಿ. ಅವರ ಅಣ್ಣ ಕೈ ಚಾಚಿದರು. ಅತ್ತೆ ಅದನ್ನು ಹಿಡಿಯಲಿಲ್ಲ. ಹಿಂತಿರುಗಿ ಬೇವಿನ ಮರದ ಕಡೆ ನೋಡುತ್ತ ನಿಂತರು.

ಮಾವ ಚಪ್ಪಲಿ ಬಿಟ್ಟು ಬಂದರು. ಅತ್ತೆಯ ತೋಳು ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಲ್ಲಿಸಿ, ಉಸಿರು ಬಿಡಿಸಿ ಹತ್ತಿಸಿದರು. ಬೆರಗಾಗಿ ನೋಡುತ್ತಿದ್ದ ನನಗೆ, “ಏನ್ ನೋಡ್ತಿದ್ದಯಮ್ಮಿ? ನಾನು ಮೆಟ್ಲು ಅತ್ತಾವ್ನಿ, ಅಷ್ಟೇ. ನೀನು ಆ ಯಜಮಾನ್ರ ಕೈ ಇಡ್ಕ. ಏಳಾಕೂ ಮುಂಚೆ ಬಿದ್ದುಗಿದ್ರೆ ಕೆಲ್ಸ ಕೆಟ್ಟೋಯ್ತದ,” ಎಂದರು.

ಪೂಜೆ ಮಾಡುವ ತಮ್ಮಡಿಯವರು ಕರ್ಪೂರ ಹಚ್ಚಿದರು. ಯಜಮಾನರು ಊರುಗೋಲಿನ ಮೇಲೆ ನಿಂತು, “ಆವತ್ತು ಗುದ್ದಿದ್ದು ನಾನೇ. ಈಯಮ್ಮ ಏಳಿದ್ದು ನಿಜ,” ಎಂದರು. ಎರಡೇ ಮಾತು. ಅತ್ತೆ ಅಳಲಿಲ್ಲ. “ಇಷ್ಟು ಏಳಾಕೆ ಇಷ್ಟು ವರ್ಷ ಬೇಕಾಯ್ತಾ ಅಣ್ಣ,” ಎಂದರು. ಆಮೇಲೆ ಹೆಂಗಸರು ಅವರನ್ನು ಸುತ್ತುವರಿದು ತವರಿನ ಮನೆಗೆ ಕರೆದುಕೊಂಡು ಹೋದರು. ರಾತ್ರಿ ಅಲ್ಲೇ ಉಳಿಯುತ್ತೇನೆ ಎಂದರು ಅತ್ತೆ.

ಬಸ್ ಸ್ಟಾಪಿನಲ್ಲಿ ನಾನು, ಮಾವ ಇಬ್ಬರೇ. ಹೋಗುವವರೆಲ್ಲ “ಮಾದಪ್ಪ ನುಡಿಸ್ಬುಟ್ಟ ನೋಡಿ ಮೇಷ್ಟ್ರೇ,” ಎಂದು ಹೇಳಿ ಹೋಗುತ್ತಿದ್ದರು. ಮಾವ ತಲೆಯಾಡಿಸುತ್ತಿದ್ದರು.

“ಹೆಸರೆಲ್ಲ ಮಾದಪ್ಪನಿಗೆ ಹೋಯಿತಲ್ಲ ಮಾವ?”

“ಓಗ್ಲಿ ಬುಡಮ್ಮಿ. ಅವನ್ಗೂ ಏನಾರ ಬ್ಯಾಡ್ವಾ.”

ನನಗೆ ಸುಮ್ಮನಿರಲಾಗಲಿಲ್ಲ. “ಯಜಮಾನರು ಹೇಳದೆಯೇ ಸತ್ತಿದ್ದರೆ ಏನು ಮಾಡುತ್ತಿದ್ದಿರಿ?”

ಅವರು ರಸ್ತೆಯನ್ನೇ ನೋಡುತ್ತಿದ್ದರು. “ಮಾತು ಬುಟ್ಟಿದ್ ದಿನ ಬುಟ್ರೆ, ದಿನಾ ಬೆಳಿಗ್ಗೆ ಕಾಫಿ ಕೊಡ್ತಾ ಅವ್ಳು ಕೇಳ್ತಿದ್ಲು ಕಣಮ್ಮಿ, ನೀವಾರ ನನ್ನ ನಂಬ್ತೀರಾ ಅಂತ. ದಿನಾ ಏಳ್ತಿದ್ದೆ, ನೀ ಕಂಡಿದ್ದು ನಿಜ ಅಂತ. ಅವ್ರು ಸತ್ತಿದ್ರೂ ಏಳ್ತಿದ್ದೆ. ನಾನಿರೋಗಂಟ ಏಳ್ತಿದ್ದೆ. ಇನ್ನೇನದ ನನ್ ಕೈಲಿ?” ಗುಂಡ್ಲುಪೇಟೆಯ ಬಸ್ಸು ಬಂತು. ಅವರು ಹತ್ತಿ, ಕಿಟಕಿಯಿಂದ ಬಗ್ಗಿ ಕೇಳಿದರು. “ನಾಳೆ ಬೆಳಿಗ್ಗೆ ಅವಳ್ಗೆ ಫೋನ್ ಮಾಡ್ಲಾ? ಬ್ಯಾಡ್ವಾ? ಇನ್ ಕೇಳಾಕಿಲ್ವೇನೋ ಅವ್ಳು.”

ನಿನ್ನೆಯಿಂದ ನನಗೆ ನೆಮ್ಮದಿಯಿಲ್ಲ. ಗುದ್ದಿದವನು ಬಾಯಿ ಬಿಡದೆ ಸತ್ತು, ದಿನಾ ಬೆಳಿಗ್ಗೆ ನಂಬುತ್ತೇನೆ ಎನ್ನುವವರೂ ಇಲ್ಲದಿದ್ದರೆ, ಅಂಥವಳಿಗೆ ಯಾವ ನ್ಯಾಯ? ಮಾವನನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗಿಲ್ಲ. ದೇವರನ್ನು ನಂಬದೆಯೂ ಇದಕ್ಕೊಂದು ಉತ್ತರ ಕಂಡುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಈ ಅಂಕಣ ಅಚ್ಚಾಗುವ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ.